ಪಾಚಿಗೆ ಜಲಪ್ರಹಾರ

ಮಳೆಗಾಲ ಕಳೆದು ಆಯುಧಪೂಜೆ ಸಮೀಪಿಸಿತೆಂದರೆ ಪಟ್ಟಣದ ಗೃಹಸ್ಥರಿಗೆ ಎರಡು ಚಿಂತೆಗಳು: ತಾರಸಿಯ ಮೇಲೆ ಕಾಲಿಟ್ಟರೆ ಜಾರುವ ಪಾಚಿ, ಅಂಗಳದಲ್ಲಿ ಕೆಸರು ಮೆತ್ತಿಕೊಂಡು ನಿಂತ ವಾಹನ. ಪೊರಕೆ, ತೆಂಗಿನ ನಾರು, ಬ್ಲೀಚಿಂಗ್ ಪುಡಿಗಳೊಡನೆ ಅರ್ಧ ದಿನ ಬೆನ್ನು ಬಗ್ಗಿಸಬೇಕಾಗಿದ್ದ ಈ ಕೆಲಸವನ್ನು ಈಗ ಅನೇಕ ಮನೆಗಳಲ್ಲಿ ಪ್ರೆಷರ್ ವಾಷರ್ ಎಂಬ ಚಿಕ್ಕ ಯಂತ್ರವು ವಹಿಸಿಕೊಂಡಿದೆ. ೧೯೫೦ರಲ್ಲಿ ಜರ್ಮನಿಯ ಆಲ್ಫ್ರೆಡ್ ಕೆರ್ಷರ್ ಬಿಸಿನೀರನ್ನು ಒತ್ತಡದಿಂದ ಚಿಮ್ಮಿಸುವ ಯಂತ್ರವನ್ನು ರೂಪಿಸಿದರು. ಇಂದು ಅದರ ಕಿರಿಯ ಬಂಧುಗಳು ಮನೆಯ ಮೂಲೆಯಲ್ಲಿ ಮಿಕ್ಸಿಯಷ್ಟೇ ಸಹಜವಾಗಿ ಕುಳಿತಿವೆ.

ಅಂಗಡಿಯಲ್ಲಿ ಗ್ರಾಹಕನ ಕಣ್ಣಿಗೆ ಮೊದಲು ಬೀಳುವುದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ ‘೧೩೦ ಬಾರ್’ ಎಂಬ ಸಂಖ್ಯೆ. ಬಾರ್ ಎಂದರೇನು? ಸುಮಾರು ೧೦ ಮೀಟರ್ ಎತ್ತರದ ನೀರಿನ ಕಂಬವು ತನ್ನ ಬುಡದಲ್ಲಿ ಒತ್ತುವ ಬಲವೇ ೧ ಬಾರ್. ಎರಡಂತಸ್ತಿನ ಮನೆಯ ಮೇಲಿನ ತೊಟ್ಟಿಯಿಂದ ಅಂಗಳದ ನಲ್ಲಿಗೆ ದೊರೆಯುವುದು ಅಷ್ಟೂ ಇಲ್ಲ. ೧೦೦ ಬಾರ್ ಬೇಕಾದರೆ ೨೫೩ ಮೀಟರಿನ ಜೋಗದ ಜಲಪಾತವನ್ನು ನಾಲ್ಕು ಬಾರಿ ಒಂದರ ಮೇಲೊಂದು ನಿಲ್ಲಿಸಿ, ಅದರ ತುದಿಯಲ್ಲಿ ತೊಟ್ಟಿ ಕಟ್ಟಬೇಕು! ಆ ಒತ್ತಡದಲ್ಲಿ ಸೂಕ್ಷ್ಮ ರಂಧ್ರದಿಂದ ಹೊರಡುವ ನೀರಿನ ವೇಗ, ಲೆಕ್ಕದ ಪ್ರಕಾರ, ಗಂಟೆಗೆ ೫೦೦ ಕಿಲೋಮೀಟರ್.

ಆದರೆ ಒತ್ತಡವು ಅರ್ಧ ಕಥೆ ಮಾತ್ರ. ಕೊಳೆಯನ್ನು ಕಿತ್ತೆಬ್ಬಿಸುವುದು ಒತ್ತಡ. ಕಿತ್ತ ಕೊಳೆಯನ್ನು ಸಾಗಿಸುವುದು ನೀರಿನ ಪ್ರಮಾಣ. ಬಾರ್ ಸಂಖ್ಯೆಯನ್ನು ನಿಮಿಷದ ಲೀಟರುಗಳಿಂದ ಗುಣಿಸಿ ೬೦೦ರಿಂದ ಭಾಗಿಸಿದರೆ ನೀರಿಗೆ ಸಿಕ್ಕಿದ ಶಕ್ತಿಯು ಕಿಲೋವಾಟಿನಲ್ಲಿ ದೊರೆಯುತ್ತದೆ. ೧೦೦ ಬಾರ್, ೬ ಲೀಟರ್ ಎಂದರೆ ೧ ಕಿಲೋವಾಟ್. ೧೫೦೦ ವಾಟಿನ ಮೋಟಾರು ೧೫೦ ಬಾರಿನಲ್ಲಿ ೮ ಲೀಟರ್ ಚಿಮ್ಮಿಸುವುದೆಂದು ಮಾರಾಟಗಾರನು ಆಣೆಯಿಟ್ಟರೂ ಗಣಿತವು ಒಪ್ಪದು. ಅದಕ್ಕೆ ೨ ಕಿಲೋವಾಟ್ ಬೇಕು. ಗರಿಷ್ಠ ಒತ್ತಡ, ಗರಿಷ್ಠ ಪ್ರಮಾಣಗಳೆರಡೂ ಏಕಕಾಲಕ್ಕೆ ದೊರೆಯುವುದಿಲ್ಲವೆಂಬುದನ್ನು ಪೆಟ್ಟಿಗೆಯು ಹೇಳುವುದಿಲ್ಲ.

ಬಳಸುವಾಗ ಮೊದಲು ನಲ್ಲಿ ತೆರೆದು, ಹಿಡಿಕೆಯ ಗುಂಡಿ ಒತ್ತಿ ಗಾಳಿಯನ್ನು ಹೊರಹಾಕಿ, ಅನಂತರವೇ ಸ್ವಿಚ್ಚು ಹಾಕತಕ್ಕದ್ದು. ನೀರಿಲ್ಲದೆ ಓಡಿದ ಪಂಪು ಬಹುಬೇಗ ಕೆಡುತ್ತದೆ. ಕೊಳವೆಬಾವಿಯ ಮರಳು ಒಳಹೋಗದಂತೆ ಜಾಲರಿ ಇರಬೇಕು. ಬೀಸಣಿಗೆಯಂತೆ ಹರಡುವ ನಾಝಲನ್ನು ಹಾಕಿ ಒಂದು ಮೀಟರ್ ದೂರದಿಂದ ಆರಂಭಿಸಿ, ಮೆಲ್ಲಮೆಲ್ಲನೆ ಸಮೀಪಿಸುವುದು ಕ್ಷೇಮ. ಪಾಚಿಯನ್ನು ಸಾಬೂನು ನೀರಿನಲ್ಲಿ ಕೆಲಕಾಲ ನೆನೆಯಿಸಿದರೆ ಅರ್ಧ ಒತ್ತಡವೇ ಸಾಕಾದೀತು. ಅಜ್ಜನ ಕಾಲದ ಕೆಂಪು ಕಾವಿ ನೆಲ, ಸುಣ್ಣದ ಗಾರೆಯ ಗೋಡೆ, ತಾರಸಿಗೆ ಬಳಿದ ಜಲನಿರೋಧಕ ಲೇಪ, ಇವುಗಳ ಹತ್ತಿರ ಮಾತ್ರ ಇದನ್ನು ಒಯ್ಯಬಾರದು. ಕೊಳೆಯೊಡನೆ ಮೈಯೂ ಕಿತ್ತುಬರುತ್ತದೆ. ಸೂಜಿಯಂಥ ಧಾರೆಯನ್ನು ಟೈರಿನ ಪಕ್ಕಕ್ಕೆ ಹಿಡಿಯುವುದೂ ಸಲ್ಲದು.

ಎಲ್ಲಕ್ಕಿಂತ ಭಯಾನಕವಾದುದು ಬರಿಗಾಲಿನ ಕೆಸರನ್ನು ಇದರಿಂದಲೇ ತೊಳೆದುಕೊಳ್ಳುವ ಉತ್ಸಾಹ. ಧಾರೆಯು ಚರ್ಮವನ್ನು ಭೇದಿಸಿ ಒಳನುಗ್ಗಬಲ್ಲದು. ಹೊರಗೆ ಕಾಣುವುದು ಗುಂಡುಸೂಜಿ ಚುಚ್ಚಿದಷ್ಟೇ ಗಾಯ. ಒಳಗೆ ಕೊಳೆನೀರು ಬೆರಳುದ್ದಕ್ಕೂ ಹರಡಿರುತ್ತದೆ. ನೋವಿಲ್ಲವೆಂದು ಅರಿಸಿನ ಮೆತ್ತಿ ಸುಮ್ಮನಿರದೆ, ಒಡನೆಯೇ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಧಾವಿಸಬೇಕು. ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳುವ ಸಂಭವವುಂಟು. ಮಕ್ಕಳ ಕೈಗೆ ಈ ಹಿಡಿಕೆಯನ್ನು ಕೊಡಲೇಬಾರದು. ಒದ್ದೆ ನೆಲದಲ್ಲಿ ಓಡುವ ಯಂತ್ರವಾದುದರಿಂದ ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಸಿಕ್ಕಿಸುವುದು ಪ್ರಾಣಾಪಾಯ. ಕೆಲಸ ಮುಗಿದ ಮೇಲೆ ಸ್ವಿಚ್ಚು ಆರಿಸಿ, ನಲ್ಲಿ ಮುಚ್ಚಿ, ಗುಂಡಿಯೊತ್ತಿ ಉಳಿದ ಒತ್ತಡವನ್ನು ಬಿಟ್ಟುಬಿಡಬೇಕು.

ಇನ್ನು ನೀರಿನ ಲೆಕ್ಕ. ನಿಮಿಷಕ್ಕೆ ೬ ಲೀಟರಿನಂತೆ ಅರ್ಧ ಗಂಟೆಗೆ ೧೮೦ ಲೀಟರ್. ತೆರೆದುಬಿಟ್ಟ ರಬ್ಬರ್ ಕೊಳವೆಗಿಂತ ಇದು ಮಿತವ್ಯಯಿಯೇ; ಆದರೆ ಎರಡು ಬಕೆಟ್ ನೀರು, ಒಂದು ಬಟ್ಟೆಯಿಂದ ಕಾರು ಒರೆಸುವ ಮನೆಯಾಕೆಯ ಮುಂದೆ ಯಂತ್ರವು ಸೋಲೊಪ್ಪಲೇಬೇಕು. ೨೦೨೪ರ ಮಾರ್ಚಿನಲ್ಲಿ ನೀರಿನ ಬರ ಬಂದಾಗ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ ೫,೦೦೦ ರೂಪಾಯಿ ದಂಡ ವಿಧಿಸಿತ್ತು. ತೊಟ್ಟಿಯಿಂದ ತಾನೇ ನೀರನ್ನು ಹೀರಿಕೊಳ್ಳಬಲ್ಲ ಯಂತ್ರಗಳೂ ದೊರೆಯುತ್ತವೆ. ಅಂಥದನ್ನು ಕೊಂಡವರು ಚಾವಣಿಯಿಂದಿಳಿದ ಮಳೆನೀರನ್ನು ಸಂಪಿನಲ್ಲಿ ಕೂಡಿಟ್ಟು, ಸೋಸಿ, ಆ ನೀರಿನಿಂದಲೇ ತಾರಸಿಯ ಪಾಚಿಯನ್ನು ತೊಳೆಯಬಹುದು.