ಥೇಮ್ಸ್ ನದಿಯ ಕಳ್ಳದೋಣಿಗಳು

ಜಮೈಕ ದ್ವೀಪದಿಂದ ಸಕ್ಕರೆಯನ್ನು ಹೊತ್ತು ಲಂಡನ್ನಿಗೆ ಬಂದ ಹಡಗು ಅನೇಕ ವೇಳೆ ದಡವನ್ನೇ ಮುಟ್ಟುತ್ತಿರಲಿಲ್ಲವೆಂದರೆ ಕೇಳುವವರಿಗೆ ಆಶ್ಚರ್ಯವಾದೀತು. ಹದಿನೆಂಟನೆಯ ಶತಮಾನದಲ್ಲಿ ಸಂಗತಿ ಹಾಗೆಯೇ ಇದ್ದಿತು. ಹೆಚ್ಚಿನ ಸುಂಕದ ಸರಕನ್ನು ಎಲಿಜಬೆತ್ ರಾಣಿಯ ಕಾಲದಲ್ಲಿ ಗೊತ್ತುಮಾಡಿದ ಕಟ್ಟೆಗಳ ಮೇಲೆಯೇ ಇಳಿಸಬೇಕೆಂಬುದು ನಿಯಮ. ಲಂಡನ್ ಸೇತುವೆಗೂ ಟವರ್ ಕೋಟೆಗೂ ನಡುವಣ ಆ 20 ಕಟ್ಟೆಗಳ ಒಟ್ಟು ಉದ್ದ ಸುಮಾರು 1,400 ಅಡಿ ಮಾತ್ರ. ವ್ಯಾಪಾರವೋ ದಿನೇ ದಿನೇ ಬೆಳೆಯುತ್ತಿದ್ದಿತು. ಆದುದರಿಂದ ಹಡಗುಗಳು ನದಿಯ ನಡುವೆ ಲಂಗರು ಹಾಕಿ ವಾರಗಟ್ಟಲೆ ಕಾಯುತ್ತಿದ್ದುವು. ಸರಕು ಚಪ್ಪಟೆಯಾದ ಸಣ್ಣ ದೋಣಿಗಳಿಗೆ ಇಳಿದು, ಆ ದೋಣಿಗಳೂ ಕಟ್ಟೆಯ ಬಳಿ ತಮ್ಮ ಸರದಿಗಾಗಿ ಕಾಯುತ್ತಿದ್ದುವು. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಬೇಕೆಂದೇ ಮಾಡಿಕೊಟ್ಟಿದ್ದರೂ ಸಾಧ್ಯವಾಗುತ್ತಿರಲಿಲ್ಲ.

ಲಂಗರು ಹಾಕಿದ ಹಡಗುಗಳ ಸುತ್ತ ಸುಳಿಯುತ್ತಿದ್ದುವು ‘ಬಂಬೋಟು’ಗಳೆಂಬ ಅಂಗಡಿದೋಣಿಗಳು. ನಾವಿಕರಿಗೆ ಸೊಪ್ಪು, ತರಕಾರಿ, ಮದ್ಯ, ಹೊಗೆಸೊಪ್ಪು ಮಾರುವುದು ಇವುಗಳ ಕಸುಬು. ಮಾರಲು ತಂದ ಬುಟ್ಟಿ ಬರಿದಾದ ಮೇಲೆ ಹಡಗಿನ ಸಕ್ಕರೆಯಿಂದ ತುಂಬಿ ಹಿಂದಿರುಗುವುದೂ ಉಂಟು. ಸುಮಾರು 1762ರಲ್ಲಿ ಪಾರ್ಲಿಮೆಂಟು ಇವುಗಳ ಮೇಲೆಯೇ ಒಂದು ಕಾಯಿದೆಯನ್ನು ಮಾಡಿತು. ಇಂತಹ ದೋಣಿಗಳನ್ನು ಟ್ರಿನಿಟಿ ಹೌಸ್ ಎಂಬ ನೌಕಾಸಂಸ್ಥೆಯಲ್ಲಿ ರಿಜಿಸ್ಟರು ಮಾಡಿಸತಕ್ಕದ್ದು. ಅನುಮಾನದ ಸರಕು ಸಿಕ್ಕಿದರೆ, ಅದು ತನಗೆ ಹೇಗೆ ಬಂದಿತೆಂಬುದನ್ನು ಸಿಕ್ಕಿಬಿದ್ದವನೇ ತಿಳಿಸತಕ್ಕದ್ದು. ಕಾಗದದ ಮೇಲೆ ಇದು ಬಿಗಿಯಾದ ಕಾನೂನೇ ಸರಿ. ಆದರೆ ಮೊದಲ ತಪ್ಪಿಗೆ ಜುಲ್ಮಾನೆ 40 ಷಿಲಿಂಗು. ಕಳ್ಳರು ತಮ್ಮೊಳಗೇ ಚಂದಾ ಎತ್ತಿ ಜುಲ್ಮಾನೆಯ ನಿಧಿಯೊಂದನ್ನು ಇಟ್ಟುಕೊಂಡಿದ್ದರಂತೆ! ಜುಲ್ಮಾನೆಯೆಂಬುದು ಅವರಿಗೆ ಕಸುಬಿನ ತೆರಿಗೆಯಾಯಿತು. ಅಲ್ಲದೆ, ದೋಣಿಯನ್ನು ರಿಜಿಸ್ಟರಿನಲ್ಲಿ ಬರೆದವರೇ ಹೊರತು, ಇರುಳಿನಲ್ಲಿ ಆ ದೋಣಿ ಎಲ್ಲಿ ಹೋಗುತ್ತದೆಂದು ನೋಡುವವರು ನದಿಯ ಮೇಲೆ ಇರಲಿಲ್ಲ.

ಇದನ್ನೆಲ್ಲ ವಿಚಾರಿಸಿ ಬರೆದಿಟ್ಟವನು ಪ್ಯಾಟ್ರಿಕ್ ಕಾಲ್‌ಹೂನ್ ಎಂಬ ಮ್ಯಾಜಿಸ್ಟ್ರೇಟು. ಅವನು ಕೊಡುವ ಕಳ್ಳರ ವರ್ಗೀಕರಣ ಜಾತಿಪಟ್ಟಿಯಂತೆ ವಿಸ್ತಾರವಾಗಿದೆ. ಹಡಗಿನವರಿಗೆ ಲಂಚ ಕೊಟ್ಟು, ಕತ್ತಲೆಯಲ್ಲಿ ಕಾಣದಂತೆ ಕಪ್ಪು ಬಣ್ಣ ಕೊಟ್ಟ ಚೀಲಗಳಲ್ಲಿ ಸಕ್ಕರೆ ಒಯ್ಯುವವರು ‘ಲಘು ರಾವುತರು’. ಸರಕಿಳಿಸುವ ಹಮಾಲಿಗಳಾಗಿ ಹಗಲಿನಲ್ಲಿಯೇ ಬಂದು, ಅಂಗಿಯೊಳಗಣ ಗುಪ್ತ ಜೇಬುಗಳನ್ನು ತುಂಬಿಕೊಂಡು ಹೋಗುವವರು ‘ಭಾರಿ ರಾವುತರು’. ನೀರಿಳಿದಾಗ ಕೆಸರಿನಲ್ಲಿ ಏನೋ ಹುಡುಕುವಂತೆ ನಟಿಸಿ, ಮೇಲಿನಿಂದ ಎಸೆದ ಗಂಟನ್ನು ಹಿಡಿಯುವವರು ಇನ್ನೊಂದು ಪಂಗಡ. ಇಲಿ ಹಿಡಿಯುವವರೂ ಈ ಕೂಟದಲ್ಲಿದ್ದರು. ಕೆಲಸ ತಪ್ಪದಿರಲೆಂದು ಒಂದು ಹಡಗಿನ ಇಲಿಗಳನ್ನು ಇನ್ನೊಂದಕ್ಕೆ ಬಿಡುತ್ತಿದ್ದರಂತೆ. ನದಿಯ ಮೇಲೆ ದುಡಿಯುವ 33,000 ಜನರಲ್ಲಿ 11,000 ಮಂದಿ ಅಪರಾಧಿಗಳು, ವರ್ಷಕ್ಕೆ ನಷ್ಟ 5 ಲಕ್ಷ ಪೌಂಡು ಎಂದು ಅವನ ಲೆಕ್ಕ. ತನ್ನ ಯೋಜನೆಗೆ ಹಣ ಕೂಡಿಸಲು ಹೊರಟವನ ಲೆಕ್ಕವಾದುದರಿಂದ ಅದನ್ನು ಸ್ವಲ್ಪ ತಗ್ಗಿಸಿ ಓದಿಕೊಳ್ಳುವುದು ಮೇಲು.

ಆದರೆ ಅವನು ಕಂಡ ಇನ್ನೊಂದು ಸಂಗತಿ ಗಮನಾರ್ಹವಾದುದು. ಹಮಾಲಿಗಳಿಗೆ ಕೂಲಿ ಸರಿಯಾಗಿ ಸಲ್ಲುತ್ತಿರಲಿಲ್ಲ. ಕೆಲವರು ಕೂಲಿಯೇ ಇಲ್ಲದೆ ದುಡಿಯಲು ಒಪ್ಪುತ್ತಿದ್ದರು. ಏಕೆಂದು ಕೇಳಬೇಕಾಗಿಲ್ಲ. ಚೆಲ್ಲಿದ ಸಕ್ಕರೆ, ಮಿಕ್ಕ ಕಲ್ಲಿದ್ದಲು ತಮಗೆ ಸೇರಿದುದೆಂದು ಅವರ ಭಾವನೆ. ಅದು ತಂದೆತಾತಂದಿರಿಂದ ಬಂದ ಮಾಮೂಲು. ವರ್ತಕನು ಅದನ್ನೇ ಕಳವೆಂದನು. ಆ ಸಕ್ಕರೆಯನ್ನು ವೆಸ್ಟ್ ಇಂಡೀಸಿನಲ್ಲಿ ಬೆಳೆದವರು ಕೂಲಿಯೇ ಕಾಣದ ಗುಲಾಮರೆಂಬುದನ್ನು ನೆನೆದರೆ, ಯಾರ ಸೊತ್ತನ್ನು ಯಾರು ಕದ್ದರೆಂಬ ಪ್ರಶ್ನೆ ಅಷ್ಟು ಸುಲಭವಾಗಿ ತೀರುವುದಿಲ್ಲ.

ರೈತನೂ ನಾವಿಕನೂ ಆಗಿದ್ದ ಜಾನ್ ಹ್ಯಾರಿಯಟ್ಟನ ಸಹಾಯದಿಂದ, ವೆಸ್ಟ್ ಇಂಡೀಸ್ ವರ್ತಕರ ಹಣದಿಂದ, 1798ರ ಜುಲೈ ತಿಂಗಳಿನಲ್ಲಿ ವ್ಯಾಪಿಂಗ್ ಎಂಬಲ್ಲಿ ನದಿಯ ಪೋಲೀಸು ಆರಂಭವಾಯಿತು. ದೋಣಿಗಳಲ್ಲಿ ಕಾವಲು ಸುತ್ತುವುದು ಅವರ ಕೆಲಸದ ಒಂದು ಭಾಗ. ಹಮಾಲಿಗಳನ್ನು ತಾವೇ ನೇಮಿಸಿ, ಗೊತ್ತಾದ ಕೂಲಿ ಕೊಟ್ಟು, ಅಗಲವಾದ ಷರಾಯಿಯನ್ನು ನಿಷೇಧಿಸಿ, ಹೊರಡುವಾಗ ಶೋಧಿಸುವುದು ಇನ್ನೊಂದು ಭಾಗ. ಬಂಬೋಟು ಕಾಯಿದೆ ಮರೆತುದು ಇದನ್ನೇ. ಮೊದಲನೆಯ ವರ್ಷದಲ್ಲಿ 4,200 ಪೌಂಡು ವೆಚ್ಚಮಾಡಿ 1,22,000 ಪೌಂಡಿನ ಸರಕನ್ನು ಉಳಿಸಿದೆವೆಂದು ಅವರು ಹೇಳಿಕೊಂಡರು.

ಇದು ಸುಮ್ಮನೆ ನಡೆಯಲಿಲ್ಲ. ಅದೇ ವರ್ಷ ಅಕ್ಟೋಬರ್ 16ರಂದು ಕಲ್ಲಿದ್ದಲು ಹೊರುವವರ ಮೇಲೆ ಕಳವಿನ ವಿಚಾರಣೆ ನಡೆದು, ಮತ್ತೆ ಅದೇ 40 ಷಿಲಿಂಗು ಜುಲ್ಮಾನೆಯಾಯಿತು. ಹೊರಗೆ ನೆರೆದ ಜನರು ಆ ಹಣವನ್ನು ಹಿಂದಕ್ಕೆ ಕೊಡಿರೆಂದು ಕೂಗಿ ಕಚೇರಿಯ ಮೇಲೆ ಕಲ್ಲು ತೂರಿದರು. ಗುಂಡುಗಳು ಹಾರಿದುವು. ಗಲಭೆಗಾರರಲ್ಲಿ ಒಬ್ಬನೂ, ಪೋಲೀಸರ ಪರವಾಗಿದ್ದ ಗೇಬ್ರಿಯಲ್ ಫ್ರಾಂಕ್ಸ್ ಎಂಬುವನೂ ಪ್ರಾಣ ಕಳೆದುಕೊಂಡರು. ಒಂದು ಬುಟ್ಟಿ ಕಲ್ಲಿದ್ದಲು ಮಾಮೂಲೋ ಕಳವೋ ಎಂಬ ವ್ಯಾಜ್ಯಕ್ಕೆ ತೆತ್ತ ಬೆಲೆ ಅದು. 1800ರಲ್ಲಿ ಪಾರ್ಲಿಮೆಂಟು ಆ ಪೋಲೀಸನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಿತು. 1839ರಲ್ಲಿ ಅದು ಲಂಡನ್ನಿನ ಮೆಟ್ರೊಪಾಲಿಟನ್ ಪೋಲೀಸಿನಲ್ಲಿ ಸೇರಿಹೋಯಿತು.

ವರ್ತಕರಿಗೆ ಕಾವಲೊಂದೇ ಸಾಲಲಿಲ್ಲ. 1802ರಲ್ಲಿ ವೆಸ್ಟ್ ಇಂಡಿಯ ಹಡಗುಕಟ್ಟೆಗಳು ತೆರೆದುವು. ನದಿಯಿಂದ ಹಡಗನ್ನು ಒಳಕ್ಕೆ ತಂದು, ಸುತ್ತಲೂ ಸುಮಾರು 20 ಅಡಿ ಎತ್ತರದ ಗೋಡೆ ಎಬ್ಬಿಸಿದರು. ಆದರೂ ಹಡಗಿನಿಂದ ಸರಕು ಇಳಿಸಿಕೊಳ್ಳಲು ಬರುವ ಸಣ್ಣ ದೋಣಿಗಳು ಯಾವ ಸುಂಕವನ್ನೂ ಕೊಡದೆ ಒಳಗೆ ಹೋಗಿ ಬರಬಹುದೆಂಬ ವಿಧಿಯನ್ನು ಕಾಯಿದೆಯಲ್ಲಿಯೇ ಸೇರಿಸಬೇಕಾಯಿತು.