ಆಟಕ್ಕುಂಟು, ಲೆಕ್ಕಕ್ಕಿಲ್ಲ

ಹೊಸಪೇಟೆಯಲ್ಲಿ ಕ್ರೀಡೆಯನ್ನು ಕುರಿತ ನಮ್ಮ ಸಂವಾದ ಕಾರ್ಯಕ್ರಮದ ಚಿತ್ರೀಕರಣ ನಡೆದಾಗ ಹಂಪಿ, ಸಂಡೂರು, ಕಂಪ್ಲಿಗಳಿಂದಲೂ ಸಭಿಕರು ಬಂದಿದ್ದರು. ಅತಿಥಿಗಳಲ್ಲೊಬ್ಬರು ಅಮೆರಿಕದ ಬೇಸ್‌ಬಾಲ್ ಲೀಗಿನ ಆಲ್‌ಸ್ಟಾರ್ ಪಂದ್ಯದ ಮಾತೆತ್ತಿದರು. ಋತುವಿನ ನಡುವೆ ಎಲ್ಲ ತಂಡಗಳಿಂದ ಅತ್ಯುತ್ತಮ ಆಟಗಾರರನ್ನು ಆರಿಸಿ ಆಡಿಸುವ ಪ್ರದರ್ಶನ ಪಂದ್ಯ ಅದು, ಫಲಿತಾಂಶ ಯಾವ ಅಂಕಪಟ್ಟಿಗೂ ಸೇರುವುದಿಲ್ಲ ಎಂದು ವಿವರಿಸಿದರು. ಕೊನೆಯ ಸಾಲಿನಲ್ಲಿ ಕುಳಿತಿದ್ದ ಸಂಡೂರಿನ ವಿದ್ಯಾರ್ಥಿನಿಯೊಬ್ಬಳು ಮೈಕ್ ಕೇಳಿ ಪಡೆದು, “ಗೆದ್ರ ಏನ್ ಸಿಗ್ತೈತ್ರೀ ಸರ್, ಸೋತ್ರ ಏನ್ ಹೋಗ್ತೈತಿ?” ಎಂದಳು. ಸಭೆ ನಕ್ಕಿತು. ಅಷ್ಟರಲ್ಲಿ ಸಮಯ ಮುಗಿದಿತ್ತು. ಮುಕ್ತಾಯದ ಸಂಗೀತ ಹಾಕಿಸಿದವನು ನಾನೇ. ಅರ್ಧ ಗಂಟೆಯಲ್ಲಿ ಉತ್ತರ ಸಿಗದೆ ಉಳಿದ ಆ ಪ್ರಶ್ನೆಯನ್ನು ಈ ಪುಟಗಳಲ್ಲಿ ಎತ್ತಿಕೊಳ್ಳುತ್ತಿದ್ದೇನೆ.

ಮೊದಲು ಆಟದ ಪರಿಚಯ. ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದೂರದ ನೆಂಟ. ಒಂದೊಂದು ತಂಡದಲ್ಲಿ 9 ಜನ, ಒಟ್ಟು 9 ಇನ್ನಿಂಗ್ಸ್. ಎಸೆಯುವವನು ಚೆಂಡನ್ನು ನೆಲಕ್ಕೆ ತಾಗಿಸದೆ ನೇರವಾಗಿ ಎಸೆಯುತ್ತಾನೆ. ದುಂಡನೆಯ ಬ್ಯಾಟಿನಿಂದ ಹೊಡೆದವನು ನಾಲ್ಕು ಮೂಲೆಗಳನ್ನು ಸುತ್ತಿ ಬಂದರೆ ಒಂದು ರನ್. ಚೆಂಡು ಬೇಲಿ ದಾಟಿದರೆ ‘ಹೋಮ್‌ರನ್’. ಹೊಡೆದವನು ಆರಾಮವಾಗಿ ಸುತ್ತಿ ಬರಬಹುದು. (ಕಂಪ್ಲಿಯ ಕಡೆಯ ಓದುಗರಿಗೆ ಅಂಗಳ ದಾಟಿದ ಇನ್ನೊಂದು ಚೆಂಡು ನೆನಪಾಗಬಹುದು. ಕುಮಾರರಾಮನ ಕಥೆಯಲ್ಲಿ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಹೋಗಿ ಬಿದ್ದಲ್ಲಿಂದಲೇ ಅನಾಹುತ ಆರಂಭವಾಗುವುದು. ಅಲ್ಲಿ ಪಣಕ್ಕೆ ಬಿದ್ದದ್ದು ತಲೆ.)

ಅಮೆರಿಕದಲ್ಲಿ ವೃತ್ತಿಪರ ಬೇಸ್‌ಬಾಲ್ ಎರಡು ಪಂಗಡಗಳಾಗಿ ಬೆಳೆಯಿತು: ನ್ಯಾಷನಲ್ ಲೀಗ್ ಮತ್ತು ಅಮೆರಿಕನ್ ಲೀಗ್. ಈಗ ಒಂದೊಂದರಲ್ಲಿ 15 ತಂಡಗಳಿದ್ದು, ಪ್ರತಿಯೊಂದು ತಂಡವೂ ಋತುವಿಗೆ 162 ಪಂದ್ಯ ಆಡುತ್ತದೆ. ಬಹುಕಾಲ ಈ ಎರಡು ಪಂಗಡಗಳ ತಂಡಗಳು ಋತುವಿನ ಕೊನೆಯ ವಿಶ್ವ ಸರಣಿಯ ಹೊರತು ಲೆಕ್ಕದ ಪಂದ್ಯಗಳಲ್ಲಿ ಎದುರಾಗುತ್ತಿರಲಿಲ್ಲ. 1933ರಲ್ಲಿ ಶಿಕಾಗೋ ನಗರದಲ್ಲಿ ವಿಶ್ವ ಮೇಳ ನಡೆದಾಗ ‘ಶಿಕಾಗೋ ಟ್ರಿಬ್ಯೂನ್’ ಪತ್ರಿಕೆಯ ಕ್ರೀಡಾ ಸಂಪಾದಕ ಆರ್ಚ್ ವಾರ್ಡ್ ಒಂದು ಸಲಹೆ ಮುಂದಿಟ್ಟರು. ಎರಡೂ ಕಡೆಯ ಶ್ರೇಷ್ಠರನ್ನು ಒಂದು ದಿನದ ಮಟ್ಟಿಗೆ ಎದುರುಬದುರು ನಿಲ್ಲಿಸಿದರೆ ಹೇಗೆ? ಜುಲೈ 6ರಂದು ಪಂದ್ಯ ನಡೆಯಿತು. ಸುಮಾರು 47 ಸಾವಿರ ಜನ ಸೇರಿದರು. ಬೇಬ್ ರೂತ್ ಹೋಮ್‌ರನ್ ಹೊಡೆದ, ಅಮೆರಿಕನ್ ಲೀಗ್ 4–2ರಿಂದ ಗೆದ್ದಿತು. ಒಮ್ಮೆ ಮಾತ್ರ ಎಂದುಕೊಂಡದ್ದು ವರ್ಷ ವರ್ಷದ ಪದ್ಧತಿಯಾಯಿತು. ಯುದ್ಧದ ಕಾರಣ 1945ರಲ್ಲಿ, ಕೋವಿಡ್ ಕಾರಣ 2020ರಲ್ಲಿ ಅದು ನಡೆಯಲಿಲ್ಲ.

ಇಂಥ ಪಂದ್ಯಕ್ಕೆ ಎರಡು ತೊಡಕುಗಳಿವೆ. ಮೊದಲನೆಯದು, ಶ್ರೇಷ್ಠರು ಯಾರೆಂದು ಹೇಳುವವರು ಯಾರು? ಪ್ರೇಕ್ಷಕರೇ ಹೇಳಲಿ ಎಂದು ಮತಪತ್ರ ಕೊಟ್ಟರು. 1957ರಲ್ಲಿ ಸಿನ್ಸಿನಾಟಿ ಊರಿನ ಅಭಿಮಾನಿಗಳು ಕಂತೆಗಟ್ಟಲೆ ಮತ ಹಾಕಿ, ನ್ಯಾಷನಲ್ ಲೀಗಿನ ಆರಂಭಿಕ ಆಟಗಾರರ 8 ಸ್ಥಾನಗಳಲ್ಲಿ 7ನ್ನು ತಮ್ಮೂರಿನ ತಂಡಕ್ಕೇ ಕೊಡಿಸಿಬಿಟ್ಟರು! ಆಯುಕ್ತರಾಗಿದ್ದ ಫೋರ್ಡ್ ಫ್ರಿಕ್ ಇಬ್ಬರನ್ನು ಕೈಬಿಟ್ಟು ವಿಲ್ಲಿ ಮೇಸ್ ಹಾಗೂ ಹ್ಯಾಂಕ್ ಏರನ್‌ರನ್ನು ಸೇರಿಸಿದರು. ಪ್ರೇಕ್ಷಕರ ಮತದಾನವನ್ನೇ ಕಿತ್ತುಕೊಂಡರು. ಅದು ಮರಳಿ ಬಂದದ್ದು 1970ರಲ್ಲಿ. ಇಂದು ಮತದಾನದ ಜೊತೆಗೆ ಆಟಗಾರರ ಆಯ್ಕೆಯೂ ಉಂಟು, ಪ್ರತಿ ತಂಡಕ್ಕೆ ಕನಿಷ್ಠ ಒಬ್ಬ ಪ್ರತಿನಿಧಿ ಇರಬೇಕೆಂಬ ನಿಯಮವೂ ಉಂಟು. ಈ ಕೊನೆಯ ನಿಯಮ ನಮ್ಮ ಜಿಲ್ಲಾ ಆಯ್ಕೆ ಸಮಿತಿಗಳಲ್ಲಿ ‘ತಾಲ್ಲೂಕಿಗೊಬ್ಬ’ ಎಂದು ಕೂರುವ ಪಂಚಾಯಿತಿಯನ್ನು ನೆನಪಿಸುತ್ತದೆ. ನನಗೇನೂ ಅದು ತಪ್ಪೆನಿಸುವುದಿಲ್ಲ. ದುರ್ಬಲ ತಂಡದ ಊರಿನವರಿಗೂ ಟಿವಿಯ ಮುಂದೆ ಕೂರಲು ಒಂದು ಕಾರಣ ಬೇಕಲ್ಲ.

ಎರಡನೆಯ ತೊಡಕು ಆ ಹುಡುಗಿ ಕೇಳಿದ್ದೇ. ಲೆಕ್ಕಕ್ಕಿಲ್ಲದ ಪಂದ್ಯದಲ್ಲಿ ಜೀವ ತೇಯುವುದೇಕೆ? ನಿಜ ಹೇಳಬೇಕೆಂದರೆ ಅನೇಕರು ತೇಯುವುದಿಲ್ಲ. ಎಸೆತಗಾರರು ಒಂದೆರಡು ಇನ್ನಿಂಗ್ಸ್ ಎಸೆದು ವಿರಮಿಸುತ್ತಾರೆ, ಏಕೆಂದರೆ ಅವರ ತೋಳು ಉಳಿದರ್ಧ ಋತುವಿಗೆ ಬೇಕು. 2002ರಲ್ಲಿ ಮಿಲ್ವಾಕಿ ನಗರದಲ್ಲಿ 11 ಇನ್ನಿಂಗ್ಸ್ ಮುಗಿದಾಗ ಸ್ಕೋರು 7–7. ಎರಡೂ ಕಡೆ ಎಸೆಯಲು ಜನರೇ ಉಳಿದಿರಲಿಲ್ಲ. ಪಂದ್ಯ ಸಮ ಎಂದು ಘೋಷಿಸಿದಾಗ ಟಿಕೆಟ್ ಕೊಂಡು ಬಂದಿದ್ದವರು ಛೀಮಾರಿ ಹಾಕಿದರು. ಇದಕ್ಕೆ ಮದ್ದೆಂದು 2003ರಿಂದ 2016ರವರೆಗೆ ಗೆದ್ದ ಪಂಗಡಕ್ಕೆ ವಿಶ್ವ ಸರಣಿಯಲ್ಲಿ ತವರು ಮೈದಾನದ ಅನುಕೂಲ ಕೊಟ್ಟರು. ವಿಜ್ಞಾನ ಓದಿದವನಾಗಿ ನನಗೆ ಇದು ಎಂದೂ ಒಪ್ಪಿಗೆಯಾಗಲಿಲ್ಲ. ಆಟಗಾರರು ಬಂದು ಹೋಗುತ್ತಲೇ ಇರುವ ಒಂದೇ ಒಂದು ಪಂದ್ಯದಿಂದ ಯಾವ ಪಂಗಡ ಬಲಿಷ್ಠ ಎಂದು ತಿಳಿಯುವುದು ಒಂದೇ ಅಗುಳು ಹಿಸುಕಿ ಊರೂಟದ ರುಚಿ ಹೇಳಿದಂತೆ. 2017ರಲ್ಲಿ ಆ ನಿಯಮ ಹೋಯಿತು. 2025ರ ಜುಲೈನಲ್ಲಿ ಅಟ್ಲಾಂಟಾ ನಗರದಲ್ಲಿ ಮತ್ತೆ 6–6ರ ಸಮಸ್ಥಿತಿ ಬಂದಾಗ, ಪ್ರತಿ ಕಡೆಯಿಂದ ಮೂವರು, ಒಬ್ಬೊಬ್ಬರಿಗೆ ಮೂರು ಹೊಡೆತ ಎಂದು ಹೋಮ್‌ರನ್‌ಗಳ ಸ್ಪರ್ಧೆ ಇಟ್ಟರು. ನ್ಯಾಷನಲ್ ಲೀಗ್ 4–3ರಿಂದ ಗೆದ್ದಿತು. ಅದರ ಪರ ಕೈಲ್ ಶ್ವಾರ್ಬರ್ ಮೂರಕ್ಕೆ ಮೂರನ್ನೂ ಬೇಲಿಯಾಚೆ ಕಳಿಸಿದ್ದ. ಮೇಲೇನೂ ದಕ್ಕದಿದ್ದರೂ ಜನ ಎದ್ದು ನಿಂತು ನೋಡಿದರು.

ಇಷ್ಟು ದೂರ ಹೋಗುವ ಅಗತ್ಯವಿತ್ತೇ ಎಂದು ಹಂಪಿಯವರು ಕೇಳಬಹುದು. ಚಿತ್ರೀಕರಣದ ಮರುದಿನ ಬೆಳಿಗ್ಗೆ ಮಹಾನವಮಿ ದಿಬ್ಬದ ಸುತ್ತ ನಡೆದಾಗ ನನಗೂ ಹಾಗೇ ಅನಿಸಿತು. ಕಲ್ಲಿನ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಕುಣಿಯುವವರ ನಡುವೆ ಜಟ್ಟಿಗಳೂ ಇದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಕುಸ್ತಿಯನ್ನು ಕಂಡು ಬರೆದಿಟ್ಟಿದ್ದಾನೆ. ಹಲ್ಲು ಮುರಿಯುವಂಥ ಏಟುಗಳು ಬೀಳುತ್ತಿದ್ದವಂತೆ. ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರಂತೆ. ಆದರೂ ಅದು ಯುದ್ಧವಲ್ಲ, ಹಬ್ಬದ ಪ್ರದರ್ಶನ. ಜಟ್ಟಿಗಳಿಗೆ ನಾಯಕರಿದ್ದರು, ತೀರ್ಪುಗಾರರಿದ್ದರು. ಕಣದಲ್ಲಿ ಇಬ್ಬರನ್ನೂ ಸಮಾನವಾಗಿ ನಿಲ್ಲಿಸುವುದು, ಗೆದ್ದವನಿಗೆ ಸಲ್ಲಬೇಕಾದ ಗೌರವವನ್ನು ನಿರ್ಣಯಿಸುವುದು ಆ ತೀರ್ಪುಗಾರರ ಕೆಲಸ.

ಕೆಲವು ವರ್ಷಗಳ ಅನಂತರ ಬರೆದ ನ್ಯೂನಿಜ್ ಇನ್ನೂ ಸ್ವಾರಸ್ಯವಾದ ಸಂಗತಿ ಹೇಳುತ್ತಾನೆ. ಅರಸನ ಬಳಿ ಈ ಹಬ್ಬಗಳಿಗಾಗಿಯೇ ಸಾವಿರ ಜಟ್ಟಿಗಳಿದ್ದರು, ರಾಜ್ಯದಲ್ಲಿ ಅವರಿಗೆ ಬೇರೆ ಚಾಕರಿ ಇರಲಿಲ್ಲ. ಕೈಯಲ್ಲಿ ಮೊನೆಯುಳ್ಳ ಬಳೆಯಂಥ ಆಯುಧ ಹಿಡಿದು ಹೋರಾಡುತ್ತಿದ್ದರು. ಹೆಚ್ಚು ಗಾಯಗೊಂಡವನೇ ಹೋಗಿ ರೇಷ್ಮೆ ವಸ್ತ್ರದ ಉಡುಗೊರೆ ಪಡೆಯುತ್ತಿದ್ದ! ‘ಸೋತ್ರ ಏನ್ ಹೋಗ್ತೈತಿ’ ಎಂಬುದಕ್ಕೆ ಆ ಕಾಲದ ಹಂಪಿ ಕೊಟ್ಟ ಉತ್ತರ ಅದು. ಮೈಸೂರು ದಸರೆಯ ಜಟ್ಟಿ ಕಾಳಗದಲ್ಲಿ ಇಂಥದೇ ವಜ್ರಮುಷ್ಟಿ ಹಿಡಿಯುತ್ತಾರೆ. ನೆತ್ತರು ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಕೆಲವೊಮ್ಮೆ ಒಂದು ನಿಮಿಷವೂ ಆಗುವುದಿಲ್ಲ. ಕ್ಯಾಮೆರಾ ತಿರುಗಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಇನ್ನು ನಮ್ಮ ಕಾಲದ ಒಂದು ಪಂದ್ಯ. 2018ರ ಮೇ 22ರಂದು, ಐಪಿಎಲ್ ಋತು ಕೊನೆಯ ಹಂತಕ್ಕೆ ಬಂದಿದ್ದಾಗ, ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಮಹಿಳೆಯರ ಪ್ರದರ್ಶನ ಪಂದ್ಯವೊಂದನ್ನು ಇಟ್ಟರು. ಸಂಜೆ ಪುರುಷರ ಪ್ಲೇ-ಆಫ್ ಪಂದ್ಯ. ಅದಕ್ಕೂ ಮುನ್ನ, ಮಧ್ಯಾಹ್ನ 2 ಗಂಟೆಯ ಬಿಸಿಲಿಗೆ, ಇವರದು. ಭಾರತದ ಆಟಗಾರ್ತಿಯರ ಜೊತೆ ವಿದೇಶದ ತಾರೆಯರನ್ನು ಬೆರೆಸಿ ಎರಡು ತಂಡ ಮಾಡಿದ್ದರು. ಸೂಪರ್‌ನೋವಾಸ್‌ಗೆ ಹರ್ಮನ್‌ಪ್ರೀತ್ ಕೌರ್, ಟ್ರೈಲ್‌ಬ್ಲೇಜರ್ಸ್‌ಗೆ ಸ್ಮೃತಿ ಮಂಧಾನ ನಾಯಕಿಯರು. ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ ಸೂಪರ್‌ನೋವಾಸ್ ಬಳಗದಲ್ಲಿದ್ದರು. ಅಂಕವಿಲ್ಲ, ಮುಂದಿನ ಸುತ್ತಿಲ್ಲ. ಆದರೆ ಮಹಿಳೆಯರ ಲೀಗ್ ನಡೆದರೆ ನೋಡುವವರಾರು ಎಂಬ ಪ್ರಶ್ನೆ ಆಗ ಎಲ್ಲೆಡೆ ಇತ್ತು. ಆಟ ಸಪ್ಪೆಯಾಗಿದ್ದರೆ ‘ನೋಡಿದಿರಾ’ ಎನ್ನಲು ಜನ ಕಾದಿದ್ದರು. ಟ್ರೈಲ್‌ಬ್ಲೇಜರ್ಸ್ 129 ರನ್ ಮಾಡಿತು. ಸೂಪರ್‌ನೋವಾಸ್ ಗುರಿ ಮುಟ್ಟಿದ್ದು ಕಟ್ಟಕಡೆಯ ಎಸೆತದಲ್ಲಿ, 3 ವಿಕೆಟ್ ಉಳಿದಿದ್ದಾಗ.

ಮರುವರ್ಷ ಜೈಪುರದಲ್ಲಿ ಅದು ಮೂರು ತಂಡಗಳ ಪಂದ್ಯಾವಳಿಯಾಯಿತು. 2023ರಲ್ಲಿ ಹರಾಜು, ಸಂಭಾವನೆ, ಅಂಕಪಟ್ಟಿಗಳಿರುವ ಪೂರ್ಣ ಪ್ರಮಾಣದ ಮಹಿಳಾ ಪ್ರೀಮಿಯರ್ ಲೀಗ್ ಬಂತು. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಸ್ಮೃತಿ ಮಂಧಾನ ನಾಯಕತ್ವದ ಬೆಂಗಳೂರು ತಂಡ ಪ್ರಶಸ್ತಿ ಗೆದ್ದಾಗ ಫೈನಲ್‌ನಲ್ಲಿ 4 ವಿಕೆಟ್ ಕಿತ್ತವಳು ನಮ್ಮ ಕರ್ನಾಟಕದ ಶ್ರೇಯಾಂಕಾ ಪಾಟೀಲ್. ವಾಂಖೆಡೆಯಲ್ಲಿ ಆ ಲೆಕ್ಕಕ್ಕಿಲ್ಲದ ಪಂದ್ಯ ನಡೆದ ಮಧ್ಯಾಹ್ನ ಅವಳಿಗೆ ಇನ್ನೂ 16 ತುಂಬಿರಲಿಲ್ಲ. ಹೆಚ್ಚುಕಡಿಮೆ ನಮ್ಮ ಸಂಡೂರಿನ ಹುಡುಗಿಯ ವಯಸ್ಸು.