ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್: ಸಾಫ್ಟ್‌ವೇರ್ ಎಲ್ಲಿಂದ ಬರುತ್ತೆ?

ವಿಂಡೋಸ್ 10ಕ್ಕೆ ಕಂಪನಿ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಕಂಪ್ಯೂಟರ್‌ಗಳಿಗೆ ವಿಂಡೋಸ್ 11 ಹಾಕೋಣವೆಂದರೆ, ಅದು ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಎಷ್ಟೋ ಯಂತ್ರಗಳಲ್ಲಿ ಇಲ್ಲ. ಹಾಗಂತ ಕೆಲಸ ಮಾಡುವ ಯಂತ್ರವನ್ನು ಮೂಲೆಗೆ ತಳ್ಳೋದು ಸರಿಯೇ? ಈ ಪ್ರಶ್ನೆ ಇಟ್ಟುಕೊಂಡೇ 4 ಜಿಬಿ ರ‍್ಯಾಮ್ ಇರುವ ಒಂದು ಕಂಪ್ಯೂಟರ್‌ಗೆ ಲಿನಕ್ಸ್ ಮಿಂಟ್ ಹಾಕಿ ನೋಡಿದೆ. ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು, ಹಾರ್ಡ್‌ಡಿಸ್ಕ್ ಮುಟ್ಟಬೇಕಾಗಿಲ್ಲ. ಪರದೆ, ಶಬ್ದ, ವೈಫೈ ಎಲ್ಲ ಸರಿಯಿದ್ದರೆ ಆಮೇಲೆ ಇನ್‌ಸ್ಟಾಲ್ ಮಾಡಿದರಾಯ್ತು.

ನನಗೆ ಹೊಸದೆನಿಸಿದ್ದು ಸಾಫ್ಟ್‌ವೇರ್ ಸಿಗುವ ರೀತಿ. ಇಲ್ಲಿ ಒಂದೊಂದಕ್ಕೂ ಒಂದೊಂದು ವೆಬ್‌ಸೈಟ್ ಹುಡುಕುತ್ತಾ ಹೋಗೋದಿಲ್ಲ. ಎಲ್ಲವನ್ನೂ ಪರೀಕ್ಷಿಸಿ ಜೋಡಿಸಿಟ್ಟ ಒಂದು ಉಗ್ರಾಣವಿದೆ, ಅದಕ್ಕೆ ರೆಪಾಸಿಟರಿ ಅಂತಾರೆ. ಮಿಂಟ್‌ನ ಮೂಲ ಉಬುಂಟು, ಉಬುಂಟುವಿನ ಮೂಲ 1993ರಲ್ಲಿ ಶುರುವಾದ ಡೆಬಿಯನ್. ಡೆಬಿಯನ್ 12ರ ಉಗ್ರಾಣದಲ್ಲೇ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ. ಪ್ರತಿ ಉಗ್ರಾಣಕ್ಕೂ ಡಿಜಿಟಲ್ ಸಹಿ ಇರುತ್ತೆ. ದಾರಿಯಲ್ಲಿ ಯಾರಾದರೂ ಬದಲಾಯಿಸಿದ್ದರೆ ಕಂಪ್ಯೂಟರ್ ಅದನ್ನು ಒಪ್ಪೋದಿಲ್ಲ.

ಆವರ್ತ ಕೋಷ್ಟಕ ಪಾಠಕ್ಕೆ ಕಾಲ್ಜಿಯಂ ಬೇಕಿತ್ತು. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹೆಸರು ಹುಡುಕಿ ಇನ್‌ಸ್ಟಾಲ್ ಒತ್ತಿದರೆ, ಜೊತೆಗೆ ಇನ್ನೂ ಹಲವು ಪ್ಯಾಕೇಜ್ ಬರುತ್ತವೆ ಎಂದು ಪಟ್ಟಿ ತೋರಿಸಿತು. ಗಾಬರಿ ಬೇಡ. ಒಬ್ಬಟ್ಟು ಬೇಕು ಅಂದರೆ ಬೇಳೆ, ಬೆಲ್ಲ, ಹಿಟ್ಟು ಎಲ್ಲವೂ ಬೇಕಲ್ಲ, ಹಾಗೆ. ಇವುಗಳಿಗೆ ಅವಲಂಬನೆಗಳು ಎನ್ನುತ್ತಾರೆ. ಅವನ್ನು ಲೆಕ್ಕ ಹಾಕಿ ತರೋದು ಪ್ಯಾಕೇಜ್ ಮ್ಯಾನೇಜರ್ ಕೆಲಸ. ಮುಂದೆ ಕಾಲ್ಜಿಯಂ ತೆಗೆದುಹಾಕಿದಾಗ, ಬೇರೆ ಯಾವುದಕ್ಕೂ ಬೇಡವಾದ ಜೊತೆಗಾರರನ್ನು ಗುಡಿಸಲು ‘ಆಟೋರಿಮೂವ್’ ಎಂಬ ಆದೇಶವಿದೆ. ಎಲ್ಲ ಸಾಫ್ಟ್‌ವೇರ್‌ಗಳ ಅಪ್‌ಡೇಟ್ ಕೂಡ ಒಂದೇ ಕಡೆ ಆಗುತ್ತೆ.

ನಮಗೆ ಮುಖ್ಯವಾದದ್ದು ಕನ್ನಡ. ಗುಬ್ಬಿ, ನವಿಲು ಫಾಂಟ್‌ಗಳು ಇದೇ ಉಗ್ರಾಣದಲ್ಲಿವೆ. ಐಬಸ್ ಎಂ17ಎನ್ ಎಂಬ ಪ್ಯಾಕೇಜ್ ಹಾಕಿಕೊಂಡರೆ ಕೆಜಿಪಿ ಕೀಲಿಮಣೆ ಸಿಗುತ್ತೆ. ಅದು ನುಡಿಯ ವಿನ್ಯಾಸವೇ, ಬೆರಳಿಗೆ ಹೊಸ ಪಾಠ ಬೇಕಿಲ್ಲ. ಒಂದು ತೊಂದರೆ ಇದೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಗಳು ಇಲ್ಲಿ ಗೀಚಿದಂತೆ ಕಾಣುತ್ತವೆ. ಅವನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಲ್ಯಾಬ್‌ಗೆ ಇನ್ನೆರಡು ಅನುಕೂಲಗಳಿವೆ. ಮಕ್ಕಳಿಗೆ ಸಾಮಾನ್ಯ ಬಳಕೆದಾರ ಖಾತೆ ಕೊಟ್ಟರೆ, ಶಿಕ್ಷಕರ ಪಾಸ್‌ವರ್ಡ್ ಇಲ್ಲದೆ ಅವರು ವ್ಯವಸ್ಥೆಗೆ ಏನನ್ನೂ ಸೇರಿಸೋಕಾಗಲ್ಲ, ತೆಗೆಯೋಕೂ ಆಗಲ್ಲ. ದೊಡ್ಡ ಬದಲಾವಣೆಗೆ ಮುಂಚೆ ಟೈಮ್‌ಶಿಫ್ಟ್‌ನಲ್ಲಿ ವ್ಯವಸ್ಥೆಯ ಪ್ರತಿ ಇಟ್ಟುಕೊಂಡರೆ, ಎಡವಟ್ಟಾದಾಗ ಹಿಂದಿನ ಸ್ಥಿತಿಗೆ ಮರಳಬಹುದು.

ಗಡಿಯಾಚೆಯ ಕನ್ನಡ ಶಾಲೆಗಳಿಗೆ ಇದು ಹೊಸದೇನಲ್ಲ. ಕೇರಳದ ಕೈಟ್ ಸಂಸ್ಥೆ ಉಬುಂಟು ಆಧರಿಸಿ ರೂಪಿಸಿದ ವ್ಯವಸ್ಥೆಯಲ್ಲೇ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಟಿ ಪಾಠ ಕಲಿಯುತ್ತಾರೆ. ರೊಳ್ಳ, ಅಗಳಿ, ಅಮರಾಪುರದ ಕಡೆ ನಾವು ಆಂಧ್ರದಲ್ಲಿದ್ದು ಕನ್ನಡದಲ್ಲಿ ಪಾಠ ಮಾಡುವವರು. ಕನ್ನಡಕ್ಕೆ ಬೇಕಾದ್ದನ್ನು ಇನ್ಯಾರೋ ತುಂಬಿಸಿ ಕಳಿಸಲಿ ಎಂದು ಕಾಯುವ ಬದಲು ನಾವೇ ಹಾಕಿಕೊಳ್ಳಲು ಬಂದರೆ ಅದೇ ದೊಡ್ಡ ಬಲ.

ಶುರು ಮಾಡೋಕೆ ಒಂದು ಚಟುವಟಿಕೆ: ಸ್ಟೆಲೇರಿಯಂ ಹಾಕಿ, ನಮ್ಮ ಊರಿನ ಸ್ಥಳ ಕೊಟ್ಟು, ಧ್ರುವ ನಕ್ಷತ್ರ ಎಷ್ಟು ಎತ್ತರದಲ್ಲಿದೆ ನೋಡಿಸಿ. ಸುಮಾರು 14 ಡಿಗ್ರಿ ಬರಬೇಕು. ಅದು ನಮ್ಮ ಅಕ್ಷಾಂಶಕ್ಕೆ ಯಾಕೆ ಸಮ ಅನ್ನೋದನ್ನು ಮಕ್ಕಳೇ ಹೇಳಲಿ. ಒಮ್ಮೆ ಇಳಿಸಿಕೊಂಡ ಮೇಲೆ ಇದಕ್ಕೆ ಇಂಟರ್‌ನೆಟ್ ಬೇಡ.